ಜೂನ್ ತಿಂಗಳ ಹಲಗೆ

ತಿಂಗಳ ಕೊನೆಯ ಸಂಜೆ
ಒದ್ದೆ ಬಟ್ಟೆಯಿಂದ ಮೇ ತಿಂಗಳನ್ನು ಒರೆಸಿ
ಜೂನಿಗೆ ಮನೆ ಹಾಕಿದೆ, ಅಡ್ಡ ಏಳು, ಉದ್ದ ಐದು.
ಬಂದರಿನ ಗೋದಾಮಿನಲ್ಲಿ ಮೂವತ್ತೊಂದು ವರ್ಷ
ಉಣ್ಣೆಮೂಟೆಗಳ ಲೆಕ್ಕ ಬರೆದವಳು ನಾನು.
ಅಕ್ಷರ ದುಂಡಗಿದೆಯೆಂದು
ಈ ವೃದ್ಧಾಶ್ರಮದವರು ಸೀಮೆಸುಣ್ಣ ನನ್ನ ಕೈಗಿತ್ತರು.

ಸೋಮವಾರ, ಕೂತಲ್ಲೇ ಕವಾಯತು.
ಮಂಗಳವಾರ, ಕಾಲುಗುರು ಕತ್ತರಿಸುವವನು
(ದಯವಿಟ್ಟು ಒಗೆದ ಕಾಲುಚೀಲ).
ಬುಧವಾರ ತಂಬೋಲಾ. ಬಹುಮಾನ ಸೋಪು.
ಹೋದ ತಿಂಗಳೂ ಸೋಪು. ಎರ್ಮಿಂದಾಳ ಕಪಾಟಿನಲ್ಲಿ
ಹನ್ನೊಂದು ಸೋಪು ಸಾಲಾಗಿ ಕೂತಿವೆ.
ಇಷ್ಟೆಲ್ಲ ತೊಳೆಯಲು
ನಾನು ಮಾಡಿದ ಪಾಪವಾದರೂ ಏನು, ಅನ್ನುತ್ತಾಳೆ.
ಶುಕ್ರವಾರ ಪಾದ್ರಿ, ರಸ್ತೆ ಬಿಟ್ಟರೆ.
ಕೊನೆಯ ಗುರುವಾರ ಕೇಕು, ಒಂದೇ,
ತಿಂಗಳಲ್ಲಿ ಹುಟ್ಟಿದವರಿಗೆಲ್ಲ ಸೇರಿ.
ಇಪ್ಪತ್ತನೆಯ ಮನೆಯಲ್ಲಿ: ಯಾಸ್ನಾ, ಕ್ಷೌರ, ಹನ್ನೊಂದು ಗಂಟೆ.
ಆ ಮನೆಗೆ ಮಾತ್ರ ಎಲ್ಲರೂ ಕಾಯುತ್ತಾರೆ.

ಪುಂತಾ ಅರೇನಾಸಿನ ಜೂನಿನಲ್ಲಿ
ಬೆಳಗಾಗಲು ಹತ್ತು ಗಂಟೆ ಬೇಕು.
ಕಿಟಕಿಯಾಚೆಯ ಜಲಸಂಧಿ
ತವರದ ತಗಡಿನಂತೆ ಒಮ್ಮೆ ಹೊಳೆದು
ಐದೂವರೆಗೆ ಯಾರೋ ಮಡಿಚಿಟ್ಟಂತೆ ಮಾಯ.
ನಡುವಿನ ಏಳೂವರೆ ಗಂಟೆಯಲ್ಲೇ
ಮುಖ ನೋಡಿಕೊಳ್ಳಬೇಕು, ಮುಖ ತೋರಿಸಬೇಕು.

ಇಪ್ಪತ್ತರಂದು ರಸ್ತೆ ಗಾಜಾಯಿತು.
ಯಾಸ್ನಾ ಫೋನು ಮಾಡಿದಳು: ಕಾರು ಮೂಲೆ ತಿರುಗಲಾರದು,
ಮುಂದಿನ ತಿಂಗಳು ಖಂಡಿತ.
ಮುಂದಿನ ತಿಂಗಳು!
ದಾನಿತ್ಸಾ ಮಾರುಸಿಚ್, ತೊಂಬತ್ತೊಂದು,
ಕೊರಳಿಗೆ ಟವೆಲ್ಲು ಸುತ್ತಿಕೊಂಡು
ಒಂಬತ್ತಕ್ಕೇ ಕೂತವಳು, ಕೇಳಿ ನಕ್ಕಳು:
ಅಷ್ಟು ಸಾಲ ನನಗೆ ಕೊಡುವವರು ಯಾರು?

ಆಗ ಎದ್ದ ಎಲಿಸೇಯೊ ನಾವೆಲ್ಕಿನ್.
ಫೆಬ್ರವರಿಯಲ್ಲಿ ಬಂದವನು,
ನನ್ನ ಹಲಗೆಯ ಯಾವ ಮನೆಗೂ ಕಾಲಿಡದವನು,
ತಂಬೋಲಾಕ್ಕೆ ಬೆನ್ನು, ಪಾದ್ರಿಗೆ ಬೆನ್ನು, ಕೇಕಿಗೂ ಬೆನ್ನು.
ನರ್ಸಮ್ಮನ ಡ್ರಾಯರಿನಿಂದ ಮಷೀನು ತೆಗೆದು
ಕಿವಿಯ ಬಳಿ ಹಿಡಿದು ಅದರ ಸದ್ದು ಕೇಳಿದ.
ನಲವತ್ತು ಹಂಗಾಮು, ಅಂದ. ದಿನಕ್ಕೆ ನೂರೈವತ್ತು.
ಏನು ನೂರೈವತ್ತು?
ಕುರಿ, ಅಂದ.
ದಾನಿತ್ಸಾ ತಲೆ ಕೊಟ್ಟಳು.

ಎಡಗೈ ಗದ್ದದ ಕೆಳಗೆ ಹೋಯಿತು,
ಬಲಗೈ ಹಣೆಯಿಂದ ಹಿಂದಕ್ಕೆ, ಒಂದೇ ಉಸಿರಿನ ಗೆರೆ.
ಚಮಚ ಹಿಡಿದರೆ ಸೂಪು ತುಳುಕಿಸುವ ಕೈ ಅದು.
ನಡುಗಲಿಲ್ಲ.
ಬಿಳಿ ಕೂದಲು ಚೂರುಚೂರಾಗದೆ
ಇಡಿಯ ತುಪ್ಪಟವಾಗಿ ಹೆಗಲಿನಿಂದ ಜಾರಿತು.
ಅವಳು ಕಣ್ಣು ಮುಚ್ಚಿದಳು.
ಎಷ್ಟು ವರ್ಷವಾಗಿತ್ತೋ,
ರಕ್ತದೊತ್ತಡ ನೋಡಲಿಕ್ಕಲ್ಲದೆ
ಯಾರಾದರೂ ಅವಳನ್ನು ಮುಟ್ಟಿ.

ಮುಗಿಯಿತು. ಅಭ್ಯಾಸಬಲ,
ಬೆನ್ನಿಗೊಂದು ತಟ್ಟು ತಟ್ಟಿ
ಬಾಗಿಲ ಕಡೆ ನೂಕಿ ಕೂಗಿದ: ಮುಂದಿನದು!
ಹಜಾರವೆಲ್ಲ ಸ್ತಬ್ಧ.
ಆಮೇಲೆ ದಾನಿತ್ಸಾ, ಸಾವಕಾಶವಾಗಿ,
ಬ್ಯಾ ಅಂದಳು.

ಊಟದ ಹೊತ್ತಿಗೆ ಹದಿನಾಲ್ಕು ತಲೆ.
ನನ್ನದು ಒಂಬತ್ತನೆಯದು. ಕಿವಿಯ ಹಿಂದೊಂದು ಗೀರು.
ಅಯೋಡಿನ್ ಹಚ್ಚಿ ಕ್ಷಮಿಸಿ ಅಂದ,
ನಾಲ್ಕು ತಿಂಗಳಲ್ಲಿ ನನಗಾಡಿದ ಮೊದಲ ಮಾತು.
ಕನ್ನಡಿಯಲ್ಲಿ ನಾವೆಲ್ಲ ಒಂದೇ ಹಿಂಡು,
ಕಿವಿ ದೊಡ್ಡದು, ಕತ್ತು ಸಣ್ಣದು,
ಚಳಿ ನೇರ ನೆತ್ತಿಯ ಜೊತೆಗೇ ಮಾತಾಡುತ್ತಿತ್ತು.
ಎರ್ಮಿಂದಾ ಹನ್ನೊಂದು ಸೋಪು ಹಂಚಿ
ಮೂವರಿಗೆ ಸಾಲ ಹೇಳಿದಳು.

ಸಂಜೆ, ಗುಡಿಸಿದ ರಾಶಿಯನ್ನು ಚೀಲಕ್ಕೆ ತುಂಬಿ
ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ.
ಹಲಗೆಯ ಇಪ್ಪತ್ತನೆಯ ಮನೆ ಒರೆಸಿ
ಅದೇ ದುಂಡಗಿನ ಅಕ್ಷರದಲ್ಲಿ ಬರೆದೆ:
ಮೂಟೆ ಒಂದು. ತೂಕ ನಾನೂರ ಹತ್ತು ಗ್ರಾಂ.
ಬಣ್ಣ ಬಿಳಿ. ಎಳೆ ನವುರು.
ತಲುಪಬೇಕಾದ ಬಂದರು
ಖಾಲಿ ಬಿಟ್ಟೆ.